ಗಂಡೋ ಹೆಣ್ಣೋ ಹೇಳೋಕಾಗದ ಮಗು ಹುಟ್ಟಿದಾಗ ಯಾವುದಕ್ಕೆ ಆತುರ ಬೇಕು, ಯಾವುದಕ್ಕೆ ಬೇಡ

ಹೆರಿಗೆ ಆದ ತಕ್ಷಣ ಲೇಬರ್ ವಾರ್ಡಿನ ಹೊರಗೆ ಕಾಯ್ತಿರೋ ಅಜ್ಜಿ, ಅತ್ತೆ, ಚಿಕ್ಕಪ್ಪ ಎಲ್ಲರೂ ಕೇಳೋದು ಒಂದೇ ಮಾತು, "ಏನು ಮಗು?" ನರ್ಸ್ ಒಂದು ಪದದಲ್ಲಿ ಉತ್ತರ ಹೇಳ್ತಾರೆ, ಆಮೇಲೆ ಫೋನ್ ಮೇಲೆ ಫೋನ್, ಸ್ವೀಟ್ ಬಾಕ್ಸು. ಆದ್ರೆ ಸುಮಾರು 4,500 ಹೆರಿಗೆಗೆ ಒಂದರಂತೆ, ಮಗುವಿನ ಜನನಾಂಗ ನೋಡಿ ಡಾಕ್ಟರಿಗೂ ತಕ್ಷಣ ಇಂಥದ್ದೇ ಅಂತ ಹೇಳೋಕಾಗದ ಸ್ಥಿತಿ ಇರುತ್ತೆ. ಆ ಮನೆಯವರಿಗೆ ಆಗ ಏನು ಅನಿಸಬಹುದು ಯೋಚನೆ ಮಾಡಿ. ಹೊರಗಡೆ ಜನ ಕಾಯ್ತಿದಾರೆ, ತೊಟ್ಟಿಲಿಗೆ ಹಾಕೋ ದಿನ ಹತ್ರ ಬರ್ತಿದೆ, ಹೆಸರಿಡಬೇಕು, ಜನನ ನೋಂದಣಿ ಮಾಡಿಸೋಕೆ 21 ದಿನದ ಗಡುವು ಬೇರೆ. ಇಂಥ ಹೊತ್ತಲ್ಲಿ ಯಾರಾದ್ರೂ ಬಂದು "ಒಂದು ಸಣ್ಣ ಆಪರೇಷನ್ ಮಾಡಿದ್ರೆ ಎಲ್ಲಾ ಸರಿಹೋಗುತ್ತೆ" ಅಂದ್ರೆ ಅಪ್ಪ ಅಮ್ಮ ಸೈನ್ ಹಾಕಿಬಿಡ್ತಾರೆ, ಅವರನ್ನ ತಪ್ಪು ಅನ್ನೋಕೆ ನನಗೆ ಮನಸ್ಸು ಬರಲ್ಲ.

ನಾನು ಹೇಳ್ಬೇಕು ಅಂದ್ಕೊಂಡಿರೋ ವಿಷಯ ಇಷ್ಟೇ. ಇಂಥ ಮಕ್ಕಳ ವಿಷಯದಲ್ಲಿ ನಿಜವಾಗಿ ಗಂಟೆ ಗಂಟೆ ಲೆಕ್ಕ ಹಾಕಿ ಓಡಬೇಕಾದ ಒಂದು ಕೆಲಸ ಇದೆ, ಜೀವ ಉಳಿಸೋ ಒಂದು ರಕ್ತದ ಟೆಸ್ಟು, ಅದನ್ನ ನಮ್ಮ ವ್ಯವಸ್ಥೆ ಬಹಳ ಕಡೆ ಮಾಡ್ತಾ ಇಲ್ಲ. ವರ್ಷಗಟ್ಟಲೆ ಕಾಯಬಹುದಾದ ಇನ್ನೊಂದು ಕೆಲಸ ಇದೆ, ನೋಟ ಸರಿ ಮಾಡೋ ಆಪರೇಷನ್, ಅದಕ್ಕೆ ಮಾತ್ರ ಎಲ್ಲಿಲ್ಲದ ಅವಸರ. ಯಾಕೆ ಹೀಗೆ ಹೇಳ್ತಿದೀನಿ ಅಂತ ಗೊತ್ತಾಗ್ಬೇಕಾದ್ರೆ ದೇಹ ಗಂಡು ಅಥವಾ ಹೆಣ್ಣು ಆಗೋದು ಹೇಗೆ, ಅದರಲ್ಲಿ ಮೆದುಳು ಎಲ್ಲಿ ಬರುತ್ತೆ ಅಂತ ಸ್ವಲ್ಪ ನೋಡ್ಬೇಕು.

ಗರ್ಭ ನಿಂತು ಸುಮಾರು ಆರು ವಾರದವರೆಗೆ ಗಂಡು ಭ್ರೂಣಕ್ಕೂ ಹೆಣ್ಣು ಭ್ರೂಣಕ್ಕೂ ಅಂಗಾಂಗದಲ್ಲಿ ವ್ಯತ್ಯಾಸ ಇಲ್ಲ. ಮುಂದೆ ವೃಷಣ ಆಗಬಹುದಾದ, ಇಲ್ಲಾ ಅಂಡಾಶಯ ಆಗಬಹುದಾದ ಒಂದೇ ಥರದ ಗ್ರಂಥಿ ಇಬ್ಬರಲ್ಲೂ ಇರುತ್ತೆ, ಒಳಗಿನ ನಾಳಗಳೂ ಎರಡು ಜೊತೆ ಇರುತ್ತವೆ, ಒಂದು ಗಂಡಿನ ದಾರಿಗೆ ಇನ್ನೊಂದು ಹೆಣ್ಣಿನ ದಾರಿಗೆ. ಸಾಮಾನ್ಯವಾಗಿ ಗಂಡಿನಲ್ಲಿ ಮಾತ್ರ ಇರೋ ವೈ ಕ್ರೋಮೋಸೋಮ್ ಮೇಲೆ ಎಸ್‌ಆರ್‌ವೈ ಅನ್ನೋ ಜೀನ್ ಇದೆ, 1990ರಲ್ಲಿ ಲಂಡನ್ನಿನ ವಿಜ್ಞಾನಿಗಳು ಕಂಡುಹಿಡಿದದ್ದು. ಅದು ಕೆಲಸ ಶುರು ಮಾಡಿದ್ರೆ ಆ ಗ್ರಂಥಿ ವೃಷಣದ ಕಡೆ ತಿರುಗುತ್ತೆ. ವೃಷಣ ಆದ್ಮೇಲೆ ಅದು ಎರಡು ಮುಖ್ಯ ಹಾರ್ಮೋನ್ ಬಿಡುತ್ತೆ, ಒಂದು ಗರ್ಭಕೋಶ ಆಗಬೇಕಿದ್ದ ನಾಳವನ್ನ ಕರಗಿಸುತ್ತೆ, ಇನ್ನೊಂದು ಟೆಸ್ಟೋಸ್ಟೆರಾನ್. ಈ ಟೆಸ್ಟೋಸ್ಟೆರಾನ್ ಒಂದು ಎನ್‌ಜೈಮಿನ ಸಹಾಯದಿಂದ ಡಿಎಚ್‌ಟಿ ಅನ್ನೋ ಇನ್ನೂ ಜೋರಾದ ಹಾರ್ಮೋನ್ ಆಗುತ್ತೆ, ಹೊರಗೆ ಕಾಣೋ ಶಿಶ್ನ, ವೃಷಣದ ಚೀಲ ಎಲ್ಲ ರೂಪ ತಗೊಳ್ಳೋದು ಅದರಿಂದ.

ಇದನ್ನ ಮೊದಲು ಪ್ರಯೋಗ ಮಾಡಿ ತೋರಿಸಿದ್ದು ಆಲ್ಫ್ರೆಡ್ ಜೋಸ್ಟ್ ಅನ್ನೋ ಫ್ರಾನ್ಸಿನ ವಿಜ್ಞಾನಿ, 1940ರ ದಶಕದಲ್ಲಿ. ತಾಯಿ ಮೊಲದ ಹೊಟ್ಟೆಯಲ್ಲೇ ಇರೋ ಮರಿಗೆ ಆಪರೇಷನ್ ಮಾಡಿ ಅದರ ಪುಟ್ಟ ಗ್ರಂಥಿಯನ್ನ ತೆಗೆದ್ರೆ, ಕ್ರೋಮೋಸೋಮ್ ಏನೇ ಇರ್ಲಿ, ಮರಿಗೆ ಬೆಳೆಯೋದು ಹೆಣ್ಣಿನ ಅಂಗಗಳು. ಇದನ್ನ ನೋಡಿ ಹೆಣ್ಣು ಅಂದ್ರೆ ಏನೂ ನಡೆಯದೇ ಇದ್ರೆ ತಾನಾಗೇ ಆಗೋದು ಅಂತ ಬಹಳ ಕಾಲ ಪಾಠ ಮಾಡಿದ್ರು, ಅದು ಪೂರ್ತಿ ಸರಿ ಇಲ್ಲ. ಅಂಡಾಶಯ ಆಗೋಕೂ ಅದರದೇ ಆದ ಜೀನ್‌ಗಳು ದುಡಿಯಬೇಕು, ಅವುಗಳನ್ನ ಹುಡುಕೋಕೆ ಹೋದವರು ಕಮ್ಮಿ ಇದ್ರು ಅಷ್ಟೇ.

ಈಗ ಗಮನಿಸಿ, ಈ ಸರಪಳಿಯಲ್ಲಿ ಎಷ್ಟು ಕೊಂಡಿ ಇದೆ. ಜೀನ್, ಗ್ರಂಥಿ, ಹಾರ್ಮೋನ್, ಆ ಹಾರ್ಮೋನನ್ನ ಬದಲಾಯಿಸೋ ಎನ್‌ಜೈಮು, ಕೊನೆಗೆ ಜೀವಕೋಶದ ಒಳಗೆ ಆ ಹಾರ್ಮೋನನ್ನ ಹಿಡಿದುಕೊಳ್ಳೋ ರಿಸೆಪ್ಟರ್. ಇದರಲ್ಲಿ ಯಾವ ಕೊಂಡಿ ಬೇರೆ ಥರ ಆದ್ರೂ ಹುಟ್ಟೋ ಮಗುವಿನ ದೇಹ ಬೇರೆ ಥರ ಇರುತ್ತೆ. ರಿಸೆಪ್ಟರ್ ಪೂರ್ತಿ ಕೆಲಸ ಮಾಡದ ಸ್ಥಿತಿ ತಗೊಳ್ಳಿ. ಕ್ರೋಮೋಸೋಮ್ ಎಕ್ಸ್‌ವೈ, ಎಸ್‌ಆರ್‌ವೈ ಇದೆ, ಹೊಟ್ಟೆಯೊಳಗೆ ವೃಷಣ ಇದೆ, ಟೆಸ್ಟೋಸ್ಟೆರಾನ್ ಧಾರಾಳವಾಗಿದೆ, ಆದ್ರೆ ದೇಹದ ಯಾವ ಜೀವಕೋಶಕ್ಕೂ ಅದು ತಲುಪಿದ್ದೇ ಗೊತ್ತಾಗಲ್ಲ. ಹುಟ್ಟೋದು ನೋಡೋಕೆ ಎಲ್ಲ ರೀತಿಲೂ ಹೆಣ್ಣು ಮಗು, ಬೆಳೆಯೋದು ಹೆಣ್ಣಾಗಿ, ಹದಿನಾರು ಹದಿನೇಳಾದ್ರೂ ಮುಟ್ಟಾಗಲಿಲ್ಲ ಅಂತ ಡಾಕ್ಟರ್ ಹತ್ರ ಹೋದಾಗಲೇ ಗೊತ್ತಾಗೋದು. ಇವರಲ್ಲಿ ಬಹುಪಾಲು ಜನ ತಮ್ಮನ್ನ ಹೆಣ್ಣು ಅಂತಲೇ ತಿಳ್ಕೊಂಡು ಹಾಗೇ ಬದುಕ್ತಾರೆ. ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮರಿಯಾ ಪಟಿನೋಗೆ 1985ರಲ್ಲಿ ಜಪಾನಿನ ಕೋಬೆಯಲ್ಲಿ ಕ್ರೋಮೋಸೋಮ್ ಟೆಸ್ಟ್ ಮಾಡಿ ಹೊರಗೆ ಹಾಕಿದ್ದು ಇದೇ ಕಾರಣಕ್ಕೆ, ಆಕೆ ಹೋರಾಟ ಮಾಡಿ ಮತ್ತೆ ಟ್ರ್ಯಾಕಿಗೆ ಬಂದ್ರು. ಆಟದ ಜಗತ್ತಿನಲ್ಲಿ ಆ ಟೆಸ್ಟುಗಳು ಈಗ ಇನ್ನೊಂದು ರೂಪದಲ್ಲಿ ವಾಪಸ್ ಬಂದಿವೆ, ವರ್ಲ್ಡ್ ಅಥ್ಲೆಟಿಕ್ಸ್ 2025ರ ಸೆಪ್ಟೆಂಬರ್ 1ರಿಂದ ಮಹಿಳಾ ವಿಭಾಗಕ್ಕೆ ಎಸ್‌ಆರ್‌ವೈ ಟೆಸ್ಟ್ ಕಡ್ಡಾಯ ಮಾಡಿದೆ, ಪಟಿನೋ ಥರದವರಿಗೆ ವಿನಾಯಿತಿ ಇಟ್ಟು. ಆ ಜೀನನ್ನ ಕಂಡುಹಿಡಿದ ತಂಡದಲ್ಲಿದ್ದ ಆಂಡ್ರ್ಯೂ ಸಿಂಕ್ಲೇರ್ ಅವರೇ ಇದನ್ನ ವಿರೋಧಿಸಿ ಬರೆದಿದಾರೆ, ಜೀನ್ ಇದೆ ಅನ್ನೋದು ಮಾತ್ರ ಗೊತ್ತಾಗುತ್ತೆ, ಅದು ಏನು ಕೆಲಸ ಮಾಡ್ತು ಅನ್ನೋದು ಗೊತ್ತಾಗಲ್ಲ ಅಂತ. ಅದು ಬೇರೆಯೇ ದೊಡ್ಡ ಚರ್ಚೆ, ಇಲ್ಲಿಗೆ ಬಿಡ್ತೀನಿ.

ಮೆದುಳಿನ ವಿಷಯಕ್ಕೆ ಬರೋಣ. 1959ರಲ್ಲಿ ಅಮೆರಿಕದ ಕ್ಯಾನ್ಸಸ್ ಯೂನಿವರ್ಸಿಟಿಯಲ್ಲಿ ಚಾರ್ಲ್ಸ್ ಫೀನಿಕ್ಸ್ ಮತ್ತು ಅವರ ಜೊತೆಯವರು ಬಸುರಿ ಗಿನಿಪಿಗ್‌ಗಳಿಗೆ ಟೆಸ್ಟೋಸ್ಟೆರಾನ್ ಕೊಟ್ಟರು. ಹುಟ್ಟಿದ ಹೆಣ್ಣು ಮರಿಗಳು ದೊಡ್ಡವಾದ ಮೇಲೆ ಅವಕ್ಕೆ ಹೆಣ್ಣಿನ ಹಾರ್ಮೋನ್ ಎಷ್ಟು ಕೊಟ್ರೂ ಹೆಣ್ಣಿನ ಥರ ಕೂಡೋ ವರ್ತನೆ ಕಮ್ಮಿ ಇತ್ತು, ಗಂಡಿನ ಥರ ಮೇಲೇರೋ ವರ್ತನೆ ಜಾಸ್ತಿ ಇತ್ತು. ಅಂದ್ರೆ ಹಾರ್ಮೋನು ಎರಡು ಸಲ ಎರಡು ಬೇರೆ ಕೆಲಸ ಮಾಡುತ್ತೆ: ಹುಟ್ಟೋ ಮುಂಚೆ ಮೆದುಳಿನ ಜೋಡಣೆಯಲ್ಲೇ ಕೈ ಆಡಿಸುತ್ತೆ, ಅದು ಮತ್ತೆ ಅಳಿಸಿಹೋಗಲ್ಲ, ಪ್ರಾಯಕ್ಕೆ ಬಂದ್ಮೇಲೆ ಆ ಜೋಡಣೆಯನ್ನ ಎಬ್ಬಿಸುತ್ತೆ. ಈಗಲೂ ಈ ಕ್ಷೇತ್ರದ ಮೂಲ ಚೌಕಟ್ಟು ಇದೇ.

ಆದ್ರೆ ಗಿನಿಪಿಗ್ ಇಲಿಗಳಿಂದ ಮನುಷ್ಯರಿಗೆ ಒಂದೇ ಜಿಗಿತಕ್ಕೆ ಬರೋಕೆ ಆಗಲ್ಲ. ಇಲಿ ಮೆದುಳಲ್ಲಿ ಟೆಸ್ಟೋಸ್ಟೆರಾನ್ ಈಸ್ಟ್ರೋಜನ್ ಆಗಿ ಬದಲಾಗಿ ಆಮೇಲೆ ಕೆಲಸ ಮಾಡುತ್ತೆ, ಹೆಣ್ಣಿನ ಹಾರ್ಮೋನ್ ಅಂತ ನಾವು ಕರೆಯೋದೇ ಅಲ್ಲಿ ಗಂಡು ಮೆದುಳನ್ನ ರೂಪಿಸುತ್ತೆ, ಕೇಳಿದ್ರೆ ಆಶ್ಚರ್ಯ ಆಗುತ್ತೆ. ಮನುಷ್ಯರಲ್ಲಿ ಟೆಸ್ಟೋಸ್ಟೆರಾನ್ ನೇರವಾಗಿ ತನ್ನ ರಿಸೆಪ್ಟರ್ ಮೂಲಕವೇ ಹೆಚ್ಚು ಕೆಲಸ ಮಾಡೋ ಹಾಗೆ ಕಾಣುತ್ತೆ, ಮೇಲೆ ಹೇಳಿದ ರಿಸೆಪ್ಟರ್ ಕೆಲಸ ಮಾಡದ ಹೆಣ್ಣುಮಕ್ಕಳ ಉದಾಹರಣೆ ಅದಕ್ಕೆ ಒಂದು ಸಾಕ್ಷಿ. ಇನ್ನೊಂದು ಮುಖ್ಯ ವಿಷಯ ಕಾಲದ್ದು. ಹೊರಗಿನ ಜನನಾಂಗ ರೂಪ ತಗೊಳ್ಳೋದು ಗರ್ಭದ ಮೊದಲ ಮೂರು ತಿಂಗಳ ಆಸುಪಾಸಿನಲ್ಲಿ. ಮೆದುಳು ಬೆಳೆಯೋದು ಅದಾದ ಮೇಲೂ ಎಷ್ಟೋ ಕಾಲ, ಹುಟ್ಟಿದ ಮೇಲೂ. ಗಂಡು ಮಗುವಿಗೆ ಒಂದರಿಂದ ಮೂರು ತಿಂಗಳು ಆಗಿರೋವಾಗ ಟೆಸ್ಟೋಸ್ಟೆರಾನ್ ಇನ್ನೊಂದು ಸಲ ಪ್ರಾಯದ ಹುಡುಗನ ಮಟ್ಟಕ್ಕೆ ಹತ್ತಿರ ಏರಿ ಆರು ತಿಂಗಳ ಹೊತ್ತಿಗೆ ಇಳಿದುಹೋಗುತ್ತೆ, ಎಣ್ಣೆ ನೀರು ಹಾಕಿ ಮಲಗಿಸಿರೋ ಮಗುವಿನ ಒಳಗೆ ಇಷ್ಟೆಲ್ಲಾ ನಡೀತಿರುತ್ತೆ ಅಂತ ಹೊರಗೆ ಯಾರಿಗೂ ಗೊತ್ತಾಗಲ್ಲ. ಹಾಗಾಗಿ ಜನನಾಂಗ ನೋಡಿ ಮೆದುಳು ಹೀಗೇ ಇರುತ್ತೆ ಅಂತ ಹೇಳೋದು ಕಷ್ಟ, ಎರಡೂ ಬೇರೆ ಬೇರೆ ಹೊತ್ತಲ್ಲಿ ಬೇರೆ ಬೇರೆ ಹಾರ್ಮೋನ್ ಮಟ್ಟ ನೋಡಿರಬಹುದು.

ಇನ್ನು "ಗಂಡಿನ ಮೆದುಳು, ಹೆಣ್ಣಿನ ಮೆದುಳು" ಅಂತ ಎರಡು ಅಚ್ಚು ಇದೆ ಅನ್ನೋರಿಗೆ, ಇಸ್ರೇಲಿನ ಡಾಫ್ನಾ ಜೋಯೆಲ್ ಮತ್ತು ಜೊತೆಯವರು 2015ರಲ್ಲಿ 1,400ಕ್ಕೂ ಹೆಚ್ಚು ಜನರ ಮೆದುಳಿನ ಎಂಆರ್‌ಐ ನೋಡಿ ಬರೆದದ್ದನ್ನ ನೆನಪು ಮಾಡ್ತೀನಿ. ಗಂಡು ಹೆಣ್ಣಿನ ಮಧ್ಯೆ ಸರಾಸರಿಯಲ್ಲಿ ವ್ಯತ್ಯಾಸ ಇದೆ, ಆದ್ರೆ ಒಬ್ಬೊಬ್ಬರ ಮೆದುಳು ತಗೊಂಡು ನೋಡಿದ್ರೆ ಎಲ್ಲ ಭಾಗದಲ್ಲೂ ಗಂಡಿನ ಥರಾನೇ ಅಥವಾ ಎಲ್ಲ ಭಾಗದಲ್ಲೂ ಹೆಣ್ಣಿನ ಥರಾನೇ ಇರೋರು ತೀರಾ ವಿರಳ. ಸ್ಕ್ಯಾನ್ ಮಾಡಿ ಈ ಮಗು ಮುಂದೆ ತನ್ನನ್ನ ಏನಂತ ತಿಳ್ಕೊಳ್ಳುತ್ತೆ ಅಂತ ಹೇಳೋ ಯಂತ್ರ ಯಾವ ಆಸ್ಪತ್ರೇಲೂ ಇಲ್ಲ.

ಇಷ್ಟು ಗೊತ್ತಿದ್ರೂ ಎಳೇ ಮಕ್ಕಳಿಗೆ ಆಪರೇಷನ್ ಮಾಡೋ ಪದ್ಧತಿ ಎಲ್ಲಿಂದ ಬಂತು? ಬಹುಪಾಲು ಅಮೆರಿಕದ ಬಾಲ್ಟಿಮೋರಿನ ಆಸ್ಪತ್ರೆ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿದ್ದ ಜಾನ್ ಮನಿ ಅನ್ನೋ ಮನಶ್ಶಾಸ್ತ್ರಜ್ಞನಿಂದ. ಎರಡು ವರ್ಷದ ಒಳಗೆ ಮಗುವನ್ನ ಹೇಗೆ ಬೆಳೆಸಿದ್ರೆ ಹಾಗೆ ಆಗುತ್ತೆ, ದೇಹದ ನೋಟ ಅದಕ್ಕೆ ಹೊಂದಿದ್ರೆ ಸಾಕು ಅನ್ನೋದು 1950ರ ದಶಕದಿಂದ ಆತನ ವಾದ. ಅದಕ್ಕೆ ದೊಡ್ಡ ಸಾಕ್ಷಿ ಅಂತ ತೋರಿಸಿದ್ದು ಕೆನಡಾದ ವಿನ್ನಿಪೆಗ್‌ನಲ್ಲಿ 1965ರಲ್ಲಿ ಹುಟ್ಟಿದ ಅವಳಿ ಗಂಡು ಮಕ್ಕಳಲ್ಲಿ ಒಬ್ಬನನ್ನ. ಎಂಟು ತಿಂಗಳಲ್ಲಿ ಸುನ್ನತಿ ಮಾಡೋವಾಗ ವಿದ್ಯುತ್ ಉಪಕರಣದಿಂದ ಶಿಶ್ನ ಸುಟ್ಟುಹೋಯ್ತು. ಮನಿಯ ಸಲಹೆ ಮೇಲೆ ಎರಡು ವರ್ಷ ತುಂಬೋ ಮುಂಚೆ ವೃಷಣವನ್ನೂ ತೆಗೆದು ಬ್ರೆಂಡಾ ಅಂತ ಹೆಸರಿಟ್ಟು ಹುಡುಗಿಯಾಗಿ ಬೆಳೆಸಿದ್ರು, ಅವನ ಜೊತೆ ಹುಟ್ಟಿದ ಅಣ್ಣತಮ್ಮ ಹುಡುಗನಾಗೇ ಬೆಳೀತಿದ್ದ, ಹೋಲಿಕೆಗೆ ಇದಕ್ಕಿಂತ ಒಳ್ಳೆ ಕೇಸ್ ಬೇಕಾ ಅಂತ ಮನಿ 1972ರಿಂದ ಇದನ್ನ ಯಶಸ್ಸು ಅಂತ ಬರೆದ, ಪಠ್ಯಪುಸ್ತಕಗಳಲ್ಲಿ ಬಂತು, ಜಗತ್ತಿನ ಸರ್ಜನ್‌ಗಳು ನಂಬಿದ್ರು. ಆದ್ರೆ ಆ ಮಗು ಫ್ರಾಕ್ ಕಿತ್ತೆಸೀತಿತ್ತು, ಸ್ಕೂಲಲ್ಲಿ ಅವಮಾನ ತಿಂತಿತ್ತು, ಮನಿ ಹತ್ರ ಹೋಗಲ್ಲ ಅಂತ ಹಠ ಮಾಡ್ತಿತ್ತು. ಹದಿನಾಲ್ಕನೇ ವಯಸ್ಸಲ್ಲಿ ಅಪ್ಪ ನಿಜ ಹೇಳಿದಾಗ ತಕ್ಷಣ ಹುಡುಗನಾಗಿ ಬದುಕೋಕೆ ಶುರು ಮಾಡಿ ಡೇವಿಡ್ ಅಂತ ಹೆಸರಿಟ್ಕೊಂಡ. ಹವಾಯಿಯ ವಿಜ್ಞಾನಿ ಮಿಲ್ಟನ್ ಡೈಮಂಡ್ 1997ರಲ್ಲಿ ಇದನ್ನ ಬಯಲು ಮಾಡೋವರೆಗೂ ಜಗತ್ತಿಗೆ ಯಶಸ್ಸಿನ ಕಥೆಯೇ ಗೊತ್ತಿದ್ದದ್ದು. ಡೇವಿಡ್ ರೀಮರ್ 2004ರಲ್ಲಿ 38ನೇ ವಯಸ್ಸಿಗೆ ಆತ್ಮಹತ್ಯೆ ಮಾಡ್ಕೊಂಡ. ಈ ಕೇಸ್ ಬಗ್ಗೆ ಓದಿದಾಗೆಲ್ಲಾ ನನಗೆ ಹೊಟ್ಟೇಲಿ ಸಂಕಟ ಆಗುತ್ತೆ, ಒಂದು ಮಗು ಹತ್ತು ವರ್ಷ ತನ್ನ ಬಾಯಲ್ಲಿ ಹೇಳ್ತಾನೇ ಇತ್ತು, ಕೇಳೋರು ಇರಲಿಲ್ಲ.

ಹಾಗಾದ್ರೆ ಹುಟ್ಟೋ ಮುಂಚಿನ ಹಾರ್ಮೋನೇ ಎಲ್ಲಾ ತೀರ್ಮಾನ ಮಾಡುತ್ತೆ ಅಂತ ಹೇಳಬಹುದಾ? ಅದಕ್ಕೂ ದಾರಿ ಇಲ್ಲ. 1998ರಲ್ಲಿ ಕೆನಡಾದಿಂದಲೇ ಇನ್ನೊಂದು ಕೇಸ್ ವರದಿ ಆಯ್ತು, ಅದೇ ಥರ ಎಳೇ ವಯಸ್ಸಲ್ಲಿ ಶಿಶ್ನ ಕಳ್ಕೊಂಡ ಗಂಡು ಮಗು, ಏಳು ತಿಂಗಳಿಗೇ ಹೆಣ್ಣಾಗಿ ಬದಲಾಯಿಸಿದ್ದು, 26ನೇ ವಯಸ್ಸಲ್ಲೂ ಆಕೆ ತನ್ನನ್ನ ಹೆಣ್ಣು ಅಂತಲೇ ಹೇಳ್ಕೊಂಡಿದ್ಲು. 2004ರಲ್ಲಿ ವಿಲಿಯಂ ರೈನರ್ ಮತ್ತು ಜಾನ್ ಗೇರ್ಹಾರ್ಟ್ ಪ್ರಕಟಿಸಿದ ಅಧ್ಯಯನದಲ್ಲಿ, ಹೊಟ್ಟೆಯ ಕೆಳಭಾಗ ಸರಿಯಾಗಿ ಮುಚ್ಚದೇ ಹುಟ್ಟಿದ, ಹೆಣ್ಣಾಗಿ ಬೆಳೆಸಿದ 14 ಎಕ್ಸ್‌ವೈ ಮಕ್ಕಳಲ್ಲಿ 8 ಮಕ್ಕಳು ತಾವು ಗಂಡು ಅಂತ ಹೇಳಿದ್ರು, ಉಳಿದವರು ಹೇಳಲಿಲ್ಲ. ಡೊಮಿನಿಕನ್ ರಿಪಬ್ಲಿಕ್‌ನ ಹಳ್ಳಿಯೊಂದರಲ್ಲಿ ಜೂಲಿಯಾನ್ ಇಂಪೆರಾಟೋ-ಮಕ್‌ಗಿನ್ಲಿ 1970ರ ದಶಕದಲ್ಲಿ ನೋಡಿದ್ದು ಮತ್ತೊಂದು ಥರ. ಡಿಎಚ್‌ಟಿ ಮಾಡೋ ಎನ್‌ಜೈಮು ಇಲ್ಲದ ಎಕ್ಸ್‌ವೈ ಮಕ್ಕಳು ಹುಟ್ಟುವಾಗ ಹೆಣ್ಣಿನ ಥರ ಕಾಣ್ತಿದ್ರು, ಹೆಣ್ಣಾಗಿ ಬೆಳೆದ್ರು, ಪ್ರಾಯಕ್ಕೆ ಬಂದಾಗ ಟೆಸ್ಟೋಸ್ಟೆರಾನ್ ಜೋರಾಗಿ ಧ್ವನಿ ಒಡೆದು ಶಿಶ್ನ ಬೆಳೆದು ಸ್ನಾಯು ಬಂತು. ಪೂರ್ತಿ ಹೆಣ್ಣಾಗಿ ಬೆಳೆದ 18 ಜನರಲ್ಲಿ 17 ಜನ ಗಂಡು ಅಂತ ಗುರುತಿಸಿಕೊಂಡ್ರು, ಊರಿನವರು ಕಾಲಕ್ರಮೇಣ ಅದನ್ನ ಒಪ್ಪಿಕೊಂಡು ಅದಕ್ಕೊಂದು ಹೆಸರೂ ಇಟ್ಟಿದ್ರು. ಹುಟ್ಟಿದ ತಕ್ಷಣ ಯಾರಾದ್ರೂ ಆ ಮಕ್ಕಳ ವೃಷಣ ತೆಗೆದುಬಿಟ್ಟಿದ್ರೆ ಅವರ ಗತಿ ಏನಾಗ್ತಿತ್ತು?

ಇದೆಲ್ಲಾ ಸೇರಿಸಿ ನೋಡಿದಾಗ ನನಗೆ ಸಿಗೋ ಉತ್ತರ ಒಂದೇ, ಮುಂಚೆ ಹೇಳೋಕೆ ಆಗಲ್ಲ. ಹಾರ್ಮೋನ್ ಒಂದು ಕಡೆ ಜಗ್ಗುತ್ತೆ, ಬೆಳೆಸಿದ ರೀತಿ ಇನ್ನೊಂದು ಕಡೆ, ಯಾವ ಮಗುವಲ್ಲಿ ಯಾವುದು ಎಷ್ಟು ಅಂತ ಆ ಮಗುವೇ ಹೇಳಬೇಕು. ಹೆಸರಿಟ್ಟು ಗಂಡು ಅಂತಲೋ ಹೆಣ್ಣು ಅಂತಲೋ ಬೆಳೆಸೋಕೆ ಯಾವ ಅಡ್ಡಿಯೂ ಇಲ್ಲ, ಹೆಸರು ಬದಲಾಯಿಸಬಹುದು, ಬಟ್ಟೆ ಬದಲಾಯಿಸಬಹುದು. ಕತ್ತರಿಸಿದ್ದನ್ನ ವಾಪಸ್ ಜೋಡಿಸೋಕೆ ಆಗಲ್ಲ.

ಈಗ ಓಡಬೇಕಾದ ಕೆಲಸಕ್ಕೆ ಬರ್ತೀನಿ, ಈ ಲೇಖನದಲ್ಲಿ ಬೇರೇನೂ ನೆನಪಿರದಿದ್ರೂ ಇದೊಂದು ನೆನಪಿರಲಿ. ಗಂಡೋ ಹೆಣ್ಣೋ ಗೊತ್ತಾಗದ ಹಾಗೆ ಹುಟ್ಟೋ ಮಕ್ಕಳಲ್ಲಿ ಬಹಳ ಸಾಮಾನ್ಯ ಕಾರಣ ಸಿಎಎಚ್, ಕಿಡ್ನಿ ಮೇಲೆ ಕೂತಿರೋ ಅಡ್ರಿನಲ್ ಗ್ರಂಥಿಯ ತೊಂದರೆ. ಅಲ್ಲಿ ಕಾಯಿಲೆ, ಒತ್ತಡ ತಡ್ಕೊಳ್ಳೋಕೆ ಬೇಕಾದ ಕಾರ್ಟಿಸಾಲ್, ಮತ್ತೆ ಉಪ್ಪನ್ನ ದೇಹದಲ್ಲಿ ಹಿಡಿದಿಡೋ ಅಲ್ಡೋಸ್ಟಿರಾನ್ ಎರಡನ್ನೂ ಮಾಡೋಕೆ ಒಂದು ಎನ್‌ಜೈಮ್ ಬೇಕು. ಅದಿಲ್ಲದಿದ್ರೆ, ಕಾಲುವೆಯ ತೂಬು ಕಟ್ಟಿಕೊಂಡಾಗ ನೀರು ಪಕ್ಕದ ಗದ್ದೆಗೆ ನುಗ್ಗೋ ಹಾಗೆ ಕಚ್ಚಾ ಮಾಲೆಲ್ಲಾ ಗಂಡು ಹಾರ್ಮೋನಿನ ದಾರಿಗೆ ಹರಿಯುತ್ತೆ. ಹೆಣ್ಣು ಮಗುವಾದ್ರೆ, ಒಳಗೆ ಗರ್ಭಕೋಶ ಅಂಡಾಶಯ ಎಲ್ಲ ಸರಿಯಾಗಿದ್ರೂ ಹೊರಗಿನ ಅಂಗ ಗಂಡಿನ ಥರ ಬೆಳೆದಿರುತ್ತೆ. ಎರಡನೇ ವಾರಕ್ಕೆ ಅಪಾಯ ಶುರು. ಮಗು ಹಾಲು ಕುಡಿಯಲ್ಲ, ವಾಂತಿ, ತೂಕ ಇಳಿಯುತ್ತೆ, ಮೂತ್ರದಲ್ಲಿ ಉಪ್ಪು ಹೋಗಿ ರಕ್ತದಲ್ಲಿ ಸೋಡಿಯಂ ಇಳಿದು ಪೊಟ್ಯಾಸಿಯಂ ಏರಿ ಶಾಕ್‌ಗೆ, ಅಂದ್ರೆ ರಕ್ತದೊತ್ತಡ ಕುಸಿಯೋ ಸ್ಥಿತಿಗೆ, ಹೋಗುತ್ತೆ. ವಾಂತಿ ಭೇದಿ, ಸೋಂಕು ಅಂದ್ಕೊಂಡು ಚಿಕಿತ್ಸೆ ಕೊಡ್ತಾ ಇರೋವಾಗಲೇ ಮಗು ಹೋಗಿಬಿಡಬಹುದು. ಗಂಡು ಮಕ್ಕಳಲ್ಲಿ ಇನ್ನೂ ಅಪಾಯ, ಯಾಕಂದ್ರೆ ಹೊರಗೆ ನೋಡೋಕೆ ಎಲ್ಲಾ ಸರಿಯಾಗೇ ಇರುತ್ತೆ, ಚರ್ಮ ಕಪ್ಪಾಗಿರಬಹುದು ಅಷ್ಟೇ, ಅನುಮಾನವೇ ಬರಲ್ಲ.

ಕಂಡುಹಿಡಿಯೋಕೆ ಬೇಕಿರೋದು ಹಿಮ್ಮಡಿಯಿಂದ ಕೆಲವು ಹನಿ ರಕ್ತ, ಒಂದು ಫಿಲ್ಟರ್ ಪೇಪರ್, 17-ಒಎಚ್‌ಪಿ ಅನ್ನೋ ಟೆಸ್ಟ್. ಚಿಕಿತ್ಸೆ ಕಾರ್ಟಿಸಾಲ್ ಬದಲಿಗೆ ಹೈಡ್ರೋಕಾರ್ಟಿಸೋನ್ ಮಾತ್ರೆ ಪುಡಿ ಮಾಡಿ ಕೊಡೋದು, ಅಲ್ಡೋಸ್ಟಿರಾನ್ ಬದಲಿಗೆ ಫ್ಲೂಡ್ರೋಕಾರ್ಟಿಸೋನ್, ಎಳೇ ಮಗುವಾದ್ರೆ ಡಾಕ್ಟರ್ ಹೇಳಿದಷ್ಟು ಉಪ್ಪು. ಜ್ವರ ಬಂದ್ರೆ ಡೋಸ್ ಎರಡು ಮೂರು ಪಟ್ಟು ಮಾಡಬೇಕು, ಜೀವನ ಪೂರ್ತಿ ಬಿಡೋ ಹಾಗಿಲ್ಲ, ಆದ್ರೆ ಇಷ್ಟು ಮಾಡಿದ್ರೆ ಮಗು ಬೆಳೆದು ಓದಿ ಕೆಲಸಕ್ಕೆ ಹೋಗಿ ಎಲ್ಲರ ಥರ ಬದುಕುತ್ತೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದ ಐದು ನಗರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳನ್ನ ಸ್ಕ್ರೀನ್ ಮಾಡಿದಾಗ ಸುಮಾರು 5,700ಕ್ಕೆ ಒಂದು ಮಗುವಿಗೆ ಸಿಎಎಚ್ ಸಿಕ್ಕಿತು, ಬೇರೆ ಎಷ್ಟೋ ದೇಶಗಳಿಗಿಂತ ಜಾಸ್ತಿ. ಅಪ್ಪ ಅಮ್ಮ ಇಬ್ಬರಿಂದಲೂ ಜೀನ್ ಬಂದ್ರೆ ಮಾತ್ರ ಬರೋ ಕಾಯಿಲೆ ಇದು, ಅದಕ್ಕೆ ಸೋದರಮಾವ, ಅತ್ತೆ ಮಗ ಅಂತ ರಕ್ತಸಂಬಂಧದಲ್ಲಿ ಮದುವೆ ಆಗೋ ಕಡೆ ಹೆಚ್ಚು. ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮದುವೆ ಹಾಗೇ ಆಗೋದು ಅಂತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳುತ್ತೆ, ಹಾಗಿರೋವಾಗ ಈ ಟೆಸ್ಟ್ ನಮಗೆ ಎಲ್ಲರಿಗಿಂತ ಮುಂಚೆ ಬೇಕು. ಕೇರಳ ಸರ್ಕಾರಿ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ಸ್ಕ್ರೀನಿಂಗ್‌ಗೆ ಸಿಎಎಚ್ ಸೇರಿಸಿದೆ. ದೇಶದಲ್ಲಿ ಹುಟ್ಟೋ ಪ್ರತಿ ಮಗುವಿಗೂ ಕಡ್ಡಾಯ ಅನ್ನೋದು ಇನ್ನೂ ಆಗಿಲ್ಲ.

ಸಿಎಎಚ್ ಇರೋ ಹೆಣ್ಣುಮಕ್ಕಳ ಮೆದುಳು ಗರ್ಭದಲ್ಲೇ ಜಾಸ್ತಿ ಗಂಡು ಹಾರ್ಮೋನ್ ನೋಡಿರುತ್ತೆ. ಶೆರಿ ಬೆರೆನ್‌ಬಾಮ್ ಮತ್ತು ಮೆಲಿಸ್ಸಾ ಹೈನ್ಸ್ 1992ರಲ್ಲಿ ತೋರಿಸಿದ ಹಾಗೆ ಇವರು ಗೊಂಬೆಗಿಂತ ಕಾರು ಲಾರಿ ಆಟಿಕೆ ಹೆಚ್ಚು ಇಷ್ಟಪಡ್ತಾರೆ. ಆದ್ರೂ ಹೆಣ್ಣಾಗಿ ಬೆಳೆದ 250 ಜನರ ವರದಿಗಳನ್ನ ಒಟ್ಟು ಸೇರಿಸಿ ನೋಡಿದಾಗ ಸುಮಾರು 95% ಜನ ತಮ್ಮನ್ನ ಹೆಣ್ಣು ಅಂತಲೇ ಹೇಳಿದ್ರು. ಇಷ್ಟಪಡೋ ಆಟ ಬೇರೆ, ಯಾರ ಮೇಲೆ ಮನಸ್ಸಾಗುತ್ತೆ ಅನ್ನೋದು ಬೇರೆ, ನಾನು ಯಾರು ಅನ್ನೋದು ಬೇರೆ, ಹಾರ್ಮೋನು ಈ ಮೂರನ್ನೂ ಒಂದೇ ಅಳತೆಗೆ ತಿರುಗಿಸಲ್ಲ. ಮಗಳು ಬೈಕ್ ಬೇಕು ಅಂತಾಳೆ, ಕ್ರಿಕೆಟ್ ಆಡ್ತಾಳೆ ಅಂತ ಗಾಬರಿ ಬಿದ್ದು ಡಾಕ್ಟರ್ ಹತ್ರ ಹೋಗೋ ತಾಯಂದಿರಿಗೆ ಇದನ್ನ ಹೇಳಬೇಕು. ಇಲ್ಲೇ ಇನ್ನೊಂದು ಮಾತು, ಇಂಟರ್‌ಸೆಕ್ಸ್ ಆಗಿ, ಅಂದ್ರೆ ಇಲ್ಲಿ ಹೇಳ್ತಿರೋ ಮಕ್ಕಳ ಥರ, ಹುಟ್ಟೋದು ಮತ್ತು ಟ್ರಾನ್ಸ್‌ಜೆಂಡರ್ ಆಗಿರೋದು ಒಂದೇ ಅಂತ ನಮ್ಮಲ್ಲಿ ಕಲಸಿಬಿಡ್ತಾರೆ, ಮೊದಲನೆಯದು ದೇಹದ ರಚನೆಯ ವಿಷಯ, ಎರಡನೆಯದು ತಾನು ಯಾರು ಅನ್ನೋ ಅರಿವಿನ ವಿಷಯ.

ಆಪರೇಷನ್ ಯಾವತ್ತೂ ಬೇಡ ಅಂತ ನಾನು ಹೇಳ್ತಿಲ್ಲ. ಮೂತ್ರ ಕಟ್ಟಿಕೊಂಡ್ರೆ, ಗ್ರಂಥಿಯಲ್ಲಿ ಕ್ಯಾನ್ಸರ್ ಅಪಾಯ ಜಾಸ್ತಿ ಇದ್ರೆ ಮಾಡಲೇಬೇಕು. ಸಿಎಎಚ್ ಇರೋ ಕೆಲವು ಮಹಿಳೆಯರೇ ಚಿಕ್ಕವಯಸ್ಸಲ್ಲಿ ಮಾಡಿದ್ದು ಒಳ್ಳೇದಾಯ್ತು ಅಂತಾರೆ, ಅವರ ಮಾತಿಗೂ ಬೆಲೆ ಇದೆ. ಆದ್ರೆ ನೋಟ ಸರಿ ಮಾಡೋಕೆ ಅಂತಲೇ ಯೋನಿಯ ಮೇಲಿರೋ ಸೂಕ್ಷ್ಮ ಅಂಗ ಕ್ಲಿಟೋರಿಸ್ ಚಿಕ್ಕದು ಮಾಡಿದಾಗ ಸ್ಪರ್ಶದ ಅರಿವು ಹೋಗಬಹುದು, ಎಳೇ ವಯಸ್ಸಲ್ಲಿ ಆಪರೇಷನ್ ಮಾಡಿ ಯೋನಿ ರೂಪಿಸಿದ್ರೆ ಗಾಯ ಬಿಗಿದು ದೊಡ್ಡವಳಾದ್ಮೇಲೆ ಮತ್ತೆ ಮತ್ತೆ ಆಪರೇಷನ್ ಬೇಕಾಗಬಹುದು. ಅದನ್ನ ಅನುಭವಿಸೋಳು ಆ ಮಗು, ಸೈನ್ ಹಾಕಿದ್ದು ಬೇರೆಯವರು. 2005ರಲ್ಲೇ ಶಿಕಾಗೋದಲ್ಲಿ ಸೇರಿದ್ದ ಅಂತರರಾಷ್ಟ್ರೀಯ ತಜ್ಞರು ಬರೀ ನೋಟಕ್ಕಾಗಿ ಆಪರೇಷನ್ ಮಾಡೋಕೆ ಮುಂದಾಗಬೇಡಿ, ಹಲವು ವಿಭಾಗದ ಡಾಕ್ಟರುಗಳ ತಂಡ ಕೂತು ನಿರ್ಧಾರ ಮಾಡಲಿ ಅಂದಿದ್ರು. ಮಾಲ್ಟಾ 2015ರಲ್ಲಿ ಕಾನೂನೇ ತಂತು. ಭಾರತದಲ್ಲಿ ಮೊದಲ ಹೆಜ್ಜೆ ಇಟ್ಟದ್ದು ತಮಿಳುನಾಡು. ತೂತ್ತುಕುಡಿಯ ಒಂದು ಮದುವೆ ನೋಂದಣಿ ಕೇಸಿನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಜಿ.ಆರ್. ಸ್ವಾಮಿನಾಥನ್ 2019ರ ಏಪ್ರಿಲ್‌ನಲ್ಲಿ, ಇಂಟರ್‌ಸೆಕ್ಸ್ ಮಕ್ಕಳ ಮೇಲೆ ಇಂಥ ಆಪರೇಷನ್ ನಿಲ್ಲಿಸೋ ಆದೇಶ ಹೊರಡಿಸಿ ಅಂತ ಸರ್ಕಾರಕ್ಕೆ ಹೇಳಿದ್ರು, ಅದೇ ಆಗಸ್ಟ್‌ನಲ್ಲಿ ಜೀವಕ್ಕೆ ಅಪಾಯ ಇರೋ ಸಂದರ್ಭ ಬಿಟ್ಟು ಉಳಿದದ್ದಕ್ಕೆ ನಿಷೇಧ ಬಂತು. ಇಡೀ ದೇಶಕ್ಕೆ ಅನ್ವಯ ಆಗೋ ನಿಯಮ ಬೇಕು ಅಂತ ಇಂಟರ್‌ಸೆಕ್ಸ್ ಜನರ ಹಕ್ಕಿಗೆ ಹೋರಾಡೋ ಮದುರೈನ ಗೋಪಿ ಶಂಕರ್ ಹಾಕಿದ ಅರ್ಜಿ ಮೇಲೆ ಸುಪ್ರೀಂ ಕೋರ್ಟ್ 2024ರಲ್ಲಿ ಕೇಂದ್ರಕ್ಕೆ ನೋಟಿಸ್ ಕೊಟ್ಟಿದೆ.

ಇಂಥ ಮಗು ನಿಮ್ಮ ಮನೇಲಿ, ನೆಂಟರ ಮನೇಲಿ ಹುಟ್ಟಿದ್ರೆ ಡಾಕ್ಟರ್ ಹತ್ರ ಕೇಳಬೇಕಾದ್ದು ಹೀಗೆ: ಸೋಡಿಯಂ ಪೊಟ್ಯಾಸಿಯಂ ನೋಡಿದ್ರಾ, 17-ಒಎಚ್‌ಪಿ ಕಳಿಸಿದ್ರಾ, ಮಕ್ಕಳ ಹಾರ್ಮೋನ್ ತಜ್ಞರು ಅಂದ್ರೆ ಪೀಡಿಯಾಟ್ರಿಕ್ ಎಂಡೋಕ್ರಿನಾಲಜಿಸ್ಟ್ ಎಲ್ಲಿ ಸಿಗ್ತಾರೆ. ಗಂಡು ಅಂತ ಹೇಳಿದ ಮಗುವಿನ ಚೀಲದಲ್ಲಿ ಎರಡೂ ಬೀಜ ಕೈಗೆ ಸಿಗದಿದ್ರೆ ಆಗಲೂ ಇದನ್ನೇ ಕೇಳಿ, ಯಾಕಂದ್ರೆ ಆ ಮಗು ಸಿಎಎಚ್ ಇರೋ ಹೆಣ್ಣು ಇರಬಹುದು. ಆಪರೇಷನ್ ಅಂತ ಯಾರಾದ್ರೂ ಅಂದ್ರೆ, ಇದನ್ನ ಈಗ ಮಾಡದಿದ್ರೆ ಮಗುವಿನ ಜೀವಕ್ಕೆ ಅಥವಾ ಮೂತ್ರಕ್ಕೆ ಏನು ತೊಂದರೆ ಅಂತ ಕೇಳಿ, ಉತ್ತರವನ್ನ ಬರೆದುಕೊಡಿ ಅನ್ನಿ, ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ನೆಂಟರಿಗೆ "ಮಗುವಿಗೆ ಟೆಸ್ಟ್ ನಡೀತಿದೆ, ಆಮೇಲೆ ಹೇಳ್ತೀವಿ" ಅಂದ್ರೆ ಸಾಕು, ಟೆಸ್ಟಿನ ರಿಪೋರ್ಟ್ ಬರೋದಕ್ಕಿಂತ ಮುಂಚೆ ಅವರಿಗೆ ಉತ್ತರ ಕೊಡೋ ಸಾಲ ನಿಮಗೇನೂ ಇಲ್ಲ.